ಚೆನ್ನಾಗಿದ್ದಾರೆ, ಲಿಥಿಯಂ ನಿಲ್ಲಿಸಬಹುದೇ?

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವರು, ಕಾಫಿ ಬೆಳೆಗಾರರು. ನನ್ನ ಯಜಮಾನರಿಗೆ 36 ವರ್ಷ. ಮೂರು ವರ್ಷದ ಹಿಂದೆ ಮಂಕಾಗಿದ್ದಾಗ ಡಿಪ್ರೆಶನ್ ಎಂದು ಮಾತ್ರೆ ಕೊಟ್ಟಿದ್ದರು. ಕಳೆದ ಜನವರಿ ಕೊಯ್ಲಿನ ಹೊತ್ತಿಗೆ ಪೂರ್ತಿ ಬೇರೆ ಮನುಷ್ಯರಾದರು: ರಾತ್ರಿ ಎರಡು ಗಂಟೆ ನಿದ್ದೆ, ನಿಲ್ಲದ ಮಾತು, ಪಕ್ಕದ ತೋಟ ಕೊಳ್ಳುತ್ತೇನೆಂದು ಮುಂಗಡ ಕೊಟ್ಟರು, ತಡೆದರೆ ಸಿಟ್ಟು. ಮೂರು ವಾರ ಆಸ್ಪತ್ರೆಯಲ್ಲಿದ್ದರು, ಬೈಪೋಲಾರ್ (ಮಂಕು, ಅತಿ ಉತ್ಸಾಹ ಎರಡೂ ಬರುವ ಕಾಯಿಲೆ) ಎಂದರು. ಈಗ ಲಿಥಿಯಂ ದಿನಕ್ಕೆ 900 ಮಿ.ಗ್ರಾಂ, ರಾತ್ರಿ ಓಲಾಂಜಪಿನ್ 10 ಮಿ.ಗ್ರಾಂ. ಏಳೆಂಟು ತಿಂಗಳಿಂದ ಸರಿಯಾಗಿದ್ದಾರೆ. ಆದರೆ ತೂಕ ಒಂಬತ್ತು ಕಿಲೊ ಏರಿದೆ, ಕೈ ನಡುಗುತ್ತದೆ. ಜುಲೈ ಮಳೆಯಲ್ಲಿ ಒಂಬತ್ತು ದಿನ ಮಾತ್ರೆ ತರಲಾಗಲಿಲ್ಲ, ಏನೂ ಆಗಲಿಲ್ಲ. ಅದಕ್ಕೇ ಇನ್ನು ಮಾತ್ರೆ ಬೇಡ, ಲಿಥಿಯಂ ಕಿಡ್ನಿ ತಿನ್ನುತ್ತದೆ ಎನ್ನುತ್ತಿದ್ದಾರೆ. ಬೇರೆ ಚಿಕಿತ್ಸೆ ಇದೆಯೇ? ಎಷ್ಟು ವರ್ಷ ತೆಗೆದುಕೊಳ್ಳಬೇಕು? ಕಾಫಿ ಬಿಡಬೇಕೇ?

ಉತ್ತರ: ಲಿಥಿಯಂ ಅನ್ನು ಅವರಾಗಿಯೇ ನಿಲ್ಲಿಸಬಾರದು. ಹಾಗೆಂದು ಅವರ ದೂರುಗಳನ್ನು ತಳ್ಳಿಹಾಕುವಂತಿಲ್ಲ, ಒಂದೊಂದಕ್ಕೂ ದಾರಿ ಇದೆ. ಮೊದಲು ತೂಕದ ವಿಷಯ. ಒಂಬತ್ತು ಕಿಲೊ ಏರಿಕೆಗೆ ಮುಖ್ಯ ಕಾರಣ ಓಲಾಂಜಪಿನ್ ಇರಬೇಕು. ಅದು ಹಸಿವನ್ನೇ ಹೆಚ್ಚಿಸುವ ಔಷಧಿ. ಲಿಥಿಯಂ ಪಾಲು ಇದ್ದರೂ ಕಡಿಮೆ. ಮೇನಿಯಾದ, ಅಂದರೆ ಜನವರಿಯಲ್ಲಿ ಕಂಡಂಥ ಮಿತಿಮೀರಿದ ಉತ್ಸಾಹದ, ಜ್ವಾಲೆ ಆರಿಸಲು ಇಂಥ ಔಷಧಿ ಬೇಕು, ಆದರೆ ಆರಿದ ಮೇಲೆ ಲಿಥಿಯಂ ಜೊತೆ ಅದನ್ನು ಸುಮಾರು ಆರು ತಿಂಗಳು ಮುಂದುವರಿಸಿ, ನಂತರ ಹಂತಹಂತವಾಗಿ ಇಳಿಸಬಹುದೇ ಎಂದು ನೋಡುವುದು ರೂಢಿ. ನಿಮ್ಮವರು ಆ ಘಟ್ಟಕ್ಕೆ ಬಂದಿದ್ದಾರೆ. ಮುಂದಿನ ಭೇಟಿಯಲ್ಲಿ ಮನೋವೈದ್ಯರನ್ನು ಕೇಳಬೇಕಾದದ್ದು ಓಲಾಂಜಪಿನ್ ಬಗ್ಗೆ: 10 ರಿಂದ 7.5ಕ್ಕೆ, ಮುಂದೆ 5ಕ್ಕೆ ಇಳಿಸಬಹುದೇ, ಇಲ್ಲವೇ ತೂಕ ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ಗೆ ಬದಲಾಯಿಸಬಹುದೇ ಎಂದು. ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ. ಒಂದು ಎಚ್ಚರಿಕೆ: ಇಳಿಸುವ ಕೆಲಸವನ್ನು ಕೊಯ್ಲಿನ ಮಧ್ಯೆ ಶುರು ಮಾಡಬೇಡಿ. ಕಾಯಿಲೆ ಬಂದದ್ದೇ ಆ ಹೊತ್ತಿನಲ್ಲಿ.

ಇನ್ನು ಆ ಒಂಬತ್ತು ದಿನ. "ಬಿಟ್ಟೆ, ಏನೂ ಆಗಲಿಲ್ಲ" ಎಂಬ ಮಾತು ಈ ಕಾಯಿಲೆಯಲ್ಲಿ ತುಂಬ ಮೋಸ ಮಾಡುತ್ತದೆ. ಬಿ.ಪಿ. ಮಾತ್ರೆ ಬಿಟ್ಟರೆ ಕೆಲವೇ ದಿನಗಳಲ್ಲಿ ಬಿ.ಪಿ. ಏರಿದ್ದು ಕಾಣುತ್ತದೆ, ಲಿಥಿಯಂ ಬಿಟ್ಟರೆ ಮೇನಿಯಾ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದು ಬರುತ್ತದೆ. ಥಟ್ಟನೆ ಬಿಟ್ಟವರಲ್ಲಿ ಮೊದಲ ಕೆಲವು ತಿಂಗಳಲ್ಲೇ ಮರುಕಳಿಕೆ ಹೆಚ್ಚು. ಆದ್ದರಿಂದ ವೈದ್ಯರೇ ನಿಲ್ಲಿಸುವಾಗಲೂ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತೆಗೆದುಕೊಂಡು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಜುಲೈಯಲ್ಲಿ ಮತ್ತೆ ಶುರು ಮಾಡಿದ ಮೇಲೆ ರಕ್ತದಲ್ಲಿ ಲಿಥಿಯಂ ಮಟ್ಟ ನೋಡಿಸಿದ್ದೀರಾ? ಇಲ್ಲವಾದರೆ ಈ ವಾರವೇ ನೋಡಿಸಿ.

ಮೂರು ವರ್ಷದ ಹಿಂದೆ ಡಿಪ್ರೆಶನ್ ಎಂದದ್ದು ಎಡವಟ್ಟು ಎಂದು ಆ ವೈದ್ಯರ ಮೇಲೆ ಬೇಸರಪಡಬೇಡಿ. ಬೈಪೋಲಾರ್ ಅನೇಕರಲ್ಲಿ ಮೊದಲು ಮಂಕಿನ ರೂಪದಲ್ಲೇ ಬರುತ್ತದೆ, ಮೇನಿಯಾ ಕಾಣುವವರೆಗೂ ಗುರುತಿಸುವುದು ಕಷ್ಟ. ಇಲ್ಲಿ ನೆನಪಿಡಬೇಕಾದದ್ದು, ಹಳೆಯ ಚೀಟಿಯಲ್ಲಿರುವ ಡಿಪ್ರೆಶನ್ ಮಾತ್ರೆಯನ್ನು ಇನ್ನು ಮುಂದೆ ಮೆಡಿಕಲ್‌ನಿಂದ ತಾವಾಗಿ ತಂದು ನುಂಗಬಾರದು. ಲಿಥಿಯಂನಂಥ ಮೂಡ್ ಸ್ಟೆಬಿಲೈಸರ್ (ಮನಸ್ಸಿನ ಏರಿಳಿತ ತಡೆಯುವ ಔಷಧಿ) ಜೊತೆಗಿಲ್ಲದೆ ಅದು ಮನಸ್ಸನ್ನು ಮಂಕಿನಿಂದ ಎತ್ತಿ ನೇರ ಮೇನಿಯಾಗೆ ತಳ್ಳಬಹುದು.

ಈಗ ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಇದನ್ನು ಮೇನಿಯಾಗೆ ಬಳಸಿ ತೋರಿಸಿದರು. ಅಲ್ಲಿಂದೀಚೆಗೆ ಎಷ್ಟೋ ಔಷಧಿ ಬಂದರೂ ಮರುಕಳಿಕೆ ತಡೆಯುವುದರಲ್ಲಿ, ಅದಕ್ಕಿಂತ ಮುಖ್ಯವಾಗಿ ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ, ಇದನ್ನು ಹಿಂದಿಕ್ಕಿದ್ದು ಯಾವುದೂ ಇಲ್ಲ. ಆದರೆ ಇದು ಒಂದು ಲವಣ. ಸೋಡಿಯಂ, ಅಂದರೆ ಉಪ್ಪಿನಂಶ, ಹೇಗೋ ಹಾಗೆಯೇ ಕಿಡ್ನಿ ಇದನ್ನು ಸೋಸುತ್ತದೆ, ಒಂದು ಭಾಗ ಮತ್ತೆ ಹೀರಿಕೊಳ್ಳುತ್ತದೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಉಪ್ಪನ್ನು ಬಿಗಿಹಿಡಿಯುತ್ತದೆ, ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಲಿಥಿಯಂ ತಾಪತ್ರಯಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುವುದು.

ಬೇಕಾದ ಮಟ್ಟ ಲೀಟರಿಗೆ 0.6 ರಿಂದ 0.8 ಮಿಲಿಮೋಲ್. ಮೇನಿಯಾ ಜೋರಿದ್ದಾಗ 0.8 ರಿಂದ 1.0ರ ಸುತ್ತ ಇಡುತ್ತಾರೆ. 1.5 ದಾಟಿದರೆ ವಿಷ. ಔಷಧಿಗೂ ವಿಷಕ್ಕೂ ನಡುವಿನ ಅಂತರ ಇಷ್ಟು ಕಿರಿದಾದ್ದರಿಂದಲೇ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಪ್ರಮಾಣ ಬದಲಾಯಿಸಿದಾಗಲೆಲ್ಲ 5–7 ದಿನದ ನಂತರ ಒಮ್ಮೆ, ಮಟ್ಟ ನಿಂತ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಎಲ್ಲ ಸರಿಯಿದ್ದರೆ ಆರು ತಿಂಗಳಿಗೊಮ್ಮೆ. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಕ್ಯಾಲ್ಸಿಯಂ ಕೂಡ.

ಪರೀಕ್ಷೆಯಲ್ಲಿ ಎಲ್ಲಿ ತಪ್ಪುತ್ತದೆ ಗೊತ್ತೇ? ಸಮಯದಲ್ಲಿ. ರಕ್ತ ಕೊಡುವುದು ಕೊನೆಯ ಮಾತ್ರೆ ನುಂಗಿ ಸರಿಯಾಗಿ 12 ಗಂಟೆಗೆ. ರಾತ್ರಿ 8.30ಕ್ಕೆ ನುಂಗಿದ್ದರೆ ಬೆಳಗ್ಗೆ 8.30ಕ್ಕೆ. ಬೆಳಗಿನ ಮಾತ್ರೆಯೂ ಇದ್ದರೆ ಅದನ್ನು ಜೇಬಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಲಿ. ಮನೆಯಿಂದ ನುಂಗಿ ಹೊರಟು ಹತ್ತು ಗಂಟೆಗೆ ರಕ್ತ ಕೊಟ್ಟರೆ ಅಂಕಿ ಸುಳ್ಳಾಗಿ ಏರುತ್ತದೆ, ವೈದ್ಯರು ಪ್ರಮಾಣ ಇಳಿಸಿಬಿಡುತ್ತಾರೆ, ಕಾಯಿಲೆ ಮರಳುತ್ತದೆ. ಇನ್ನೊಂದು, ಲ್ಯಾಬಿನವರು ಕೆಲವೊಮ್ಮೆ ಮರೆಯುವುದು: ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬುಗಳಲ್ಲಿ ಹಲವಕ್ಕೆ ಲಿಥಿಯಂ ಹೆಪಾರಿನ್ನೇ ಹಾಕಿರುತ್ತಾರೆ. ಅದರಲ್ಲಿ ರಕ್ತ ತುಂಬಿದರೆ ಟ್ಯೂಬಿನ ಲಿಥಿಯಂ ಸೇರಿ ಮಟ್ಟ ಹೆಚ್ಚು ಕಾಣುತ್ತದೆ. ಅಂಕಿ ವಿಪರೀತವಾಗಿದ್ದು ಮನುಷ್ಯ ಆರಾಮಾಗಿದ್ದರೆ "ಯಾವ ಟ್ಯೂಬ್ ಬಳಸಿದಿರಿ" ಎಂದು ಕೇಳಲು ಸಂಕೋಚ ಬೇಡ.

ಕಿಡ್ನಿ ಭಯ ಆಧಾರವಿಲ್ಲದ್ದೇನಲ್ಲ. ಹತ್ತಿಪ್ಪತ್ತು ವರ್ಷ ತೆಗೆದುಕೊಂಡ ಕೆಲವರಲ್ಲಿ ಕಿಡ್ನಿಯ ಸೋಸುವ ಶಕ್ತಿ ನಿಧಾನವಾಗಿ ಇಳಿಯುತ್ತದೆ. ಕೊನೆಯ ಹಂತದ ವೈಫಲ್ಯಕ್ಕೆ ಹೋಗುವವರು ಬಲು ಕಡಿಮೆ. ಹೆಚ್ಚು ಹಾನಿ ಮಾಡುವುದು ನಡುನಡುವೆ ಮಟ್ಟ ವಿಷದ ಗಡಿ ದಾಟುವುದು, ಮತ್ತು ಪರೀಕ್ಷೆ ಮಾಡಿಸದೆ ವರ್ಷಗಟ್ಟಲೆ ನುಂಗುವುದು. ಕ್ರಿಯಾಟಿನಿನ್ ಏರುತ್ತಿರುವುದು ಮುಂಚೆಯೇ ಕಂಡರೆ ಪ್ರಮಾಣ ತಗ್ಗಿಸಲು, ಔಷಧಿ ಬದಲಿಸಲು ಸಮಯ ಸಿಗುತ್ತದೆ. ಬಾಯಾರಿಕೆ, ಪದೇಪದೇ ಮೂತ್ರ ಸಾಮಾನ್ಯ. ನೀರು ಕುಡಿಯುವುದನ್ನು ಮಾತ್ರ ತಡೆಯಬೇಡಿ. ಥೈರಾಯ್ಡ್ ಕುಗ್ಗಿದರೆ ಥೈರಾಕ್ಸಿನ್ ಮಾತ್ರೆ ಸೇರಿಸಿದರೆ ಸಾಕು, ಅದಕ್ಕಾಗಿ ಲಿಥಿಯಂ ಬಿಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಕೈ ನಡುಕದಲ್ಲಿ ಎರಡು ಬಗೆ. ಚಾಚಿದ ಬೆರಳಲ್ಲಿ ಸಣ್ಣಗೆ ಅದುರುವುದು ಲಿಥಿಯಂನ ಸಾಮಾನ್ಯ ಪರಿಣಾಮ. ಪ್ರಮಾಣ ತುಸು ಇಳಿಸಿದರೆ, ಇಲ್ಲವೇ ಉಬ್ಬಸ ಇಲ್ಲದವರಿಗೆ ವೈದ್ಯರು ಬರೆದುಕೊಡುವ ಸಣ್ಣ ಪ್ರಮಾಣದ ಪ್ರೊಪ್ರನೊಲಾಲ್‌ನಿಂದ ಹಿಡಿತಕ್ಕೆ ಬರುತ್ತದೆ. ಅಂಗಿಯ ಗುಂಡಿ ಹಾಕಲಾಗದಷ್ಟು ಒರಟಾಗಿ ನಡುಗುವುದು, ಅದರ ಜೊತೆ ವಾಂತಿ, ಭೇದಿ, ತೊದಲು ಮಾತು, ನಡೆಯುವಾಗ ತೂರಾಟ, ಮಬ್ಬು ಕಂಡರೆ ಅದು ವಿಷವೇರಿದ ಲಕ್ಷಣ. ಕುಡಿದಿದ್ದಾರೆ ಎಂದುಕೊಂಡು ಮಲಗಿಸಬೇಡಿ. ಲಿಥಿಯಂ ನಿಲ್ಲಿಸಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈ ವಿಷ ಏರುವುದು ಹೇಗೆಂದರೆ ತೀರಾ ಸಾಧಾರಣ ಕಾರಣಗಳಿಂದ. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವುದು) ಮಾಡಿ ಸೊಂಟ ನೋವೆಂದು ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವುದು: ಇವು ಮೂರೂ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅಂಗಡಿಯವರು ಕೊಡುವ "ಕಾಂಬಿನೇಶನ್" ಮಾತ್ರೆಯಲ್ಲಿ ಇವು ಅಡಗಿರುತ್ತವೆ, ಹಿಂದಿನ ಸಣ್ಣ ಅಕ್ಷರ ಓದಿ. ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಹೈಡ್ರೊಕ್ಲೊರೊಥಯಾಜೈಡ್ ಕೂಡ ಇದೇ ಸಾಲಿನವು. ಊರಿನ ಕ್ಲಿನಿಕ್‌ಗೆ ನೆಗಡಿ ಎಂದು ಹೋದರೂ ಮೊದಲು "ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ" ಎಂದು ಹೇಳಬೇಕು. ವಾಂತಿಭೇದಿಯೋ ಮೈ ಬೆಂದು ಹೋಗುವ ಜ್ವರವೋ ಬಂದ ದಿನ ಲಿಥಿಯಂ ಹಾಕದೆ ಓಆರ್‌ಎಸ್ ಕುಡಿಸುತ್ತ ವೈದ್ಯರಿಗೆ ಫೋನ್ ಮಾಡಿ. ಯಾರದೋ ಮಾತು ಕೇಳಿ ಊಟದ ಉಪ್ಪು ಇದ್ದಕ್ಕಿದ್ದಂತೆ ಬಿಡಬಾರದು. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ಬೇಡ.

ಕಾಫಿ ಬಿಡಬೇಕೇ ಎಂದಿರಿ. ಕೊಡಗಿನಲ್ಲಿ ಈ ಪ್ರಶ್ನೆ ಬರದೇ ಇರುವುದಿಲ್ಲ. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ದಿನಕ್ಕೆ ಐದಾರು ಲೋಟ ಕುಡಿಯುವವರು ಒಂದೇ ದಿನ ನಿಲ್ಲಿಸಿದರೆ ಅದೇ ಪ್ರಮಾಣದ ಮಾತ್ರೆಯಲ್ಲೂ ಮಟ್ಟ ಏರುತ್ತದೆ. ಕೊಯ್ಲಿನಲ್ಲಿ ಎರಡು ಲೋಟದಿಂದ ಎಂಟಕ್ಕೆ ಹೋದರೆ ಮಟ್ಟ ಇಳಿಯುತ್ತದೆ, ನಿದ್ದೆಯೂ ಹೋಗುತ್ತದೆ; ಇದು ಎರಡು ಕಡೆಯಿಂದ ಪೆಟ್ಟು. ಬಿಡಬೇಕಾಗಿಲ್ಲ, ಲೆಕ್ಕ ಒಂದೇ ಇರಬೇಕು: ದಿನಕ್ಕೆ ಎರಡು ಲೋಟ, ಎರಡೂ ಮಧ್ಯಾಹ್ನದೊಳಗೆ. ಈಗ ಹೆಚ್ಚಿದ್ದರೆ ಮೂರ್ನಾಲ್ಕು ವಾರದಲ್ಲಿ ಒಂದೊಂದೇ ಲೋಟ ಕಡಿಮೆ ಮಾಡಿ, ಆಮೇಲೆ ಮಟ್ಟ ನೋಡಿಸಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಸರಿಸುಮಾರು ಎರಡರಷ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಇಲ್ಲ. ಮನೆಯ ಪುಡಿ ಬದಲಾಯಿಸುವುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

ಬೇರೆ ಚಿಕಿತ್ಸೆ ಖಂಡಿತ ಇದೆ. ಲಿಥಿಯಂ ಒಗ್ಗದಿದ್ದರೆ ಅಥವಾ ಅದೊಂದೇ ಸಾಲದಿದ್ದರೆ ವ್ಯಾಲ್‌ಪ್ರೊಏಟ್. ಮೇನಿಯಾಗೆ ಬೇಗ ಹಿಡಿಯುತ್ತದೆ, ಯಕೃತ್ತಿನ ಪರೀಕ್ಷೆ ಮತ್ತು ಪ್ಲೇಟ್‌ಲೆಟ್ ಎಣಿಕೆ ಬೇಕು, ತೂಕ ಇದರಲ್ಲೂ ಏರುತ್ತದೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮಾತ್ರ ಇದು ಸಲ್ಲದು: ಗರ್ಭದಲ್ಲಿ ಇದಕ್ಕೆ ಒಡ್ಡಿಕೊಂಡ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ದೊಡ್ಡ ಅಂಗದೋಷ, ಮೂರ್ನಾಲ್ಕಕ್ಕೆ ಬೆಳವಣಿಗೆಯ ತೊಂದರೆ. ಇದನ್ನು ಓದುತ್ತಿರುವ ಯಾರ ಮನೆಯ ಮಗಳಾದರೂ ಈ ಮಾತ್ರೆಯಲ್ಲಿದ್ದರೆ ಮದುವೆ ಮಾತಿಗೆ ಮುಂಚೆಯೇ ಮನೋವೈದ್ಯರ ಹತ್ತಿರ ಮಾತಾಡಿ. ಹೆದರಿ ಥಟ್ಟನೆ ನಿಲ್ಲಿಸಬೇಡಿ.

ಮಂಕೇ ಪದೇಪದೇ ಬರುವವರಿಗೆ ಲ್ಯಾಮೊಟ್ರಿಜಿನ್ ಒಳ್ಳೆಯದು, ತೂಕ ಏರಿಸುವುದಿಲ್ಲ. ಆದರೆ ಅವಸರ ಸಲ್ಲದು: 25 ಮಿ.ಗ್ರಾಂ ಎರಡು ವಾರ, 50 ಎರಡು ವಾರ, 100 ಒಂದು ವಾರ, ಆಮೇಲೆ 200. ವ್ಯಾಲ್‌ಪ್ರೊಏಟ್ ಜೊತೆಗಿದ್ದರೆ ಇದರ ಅರ್ಧ. ಬೇಗ ಏರಿಸಿದರೆ ಚರ್ಮ ಸುಲಿಯುವ, ಜೀವಕ್ಕೇ ಕುತ್ತಾಗುವ ದದ್ದು ಬರಬಹುದು; ಮೈಮೇಲೆ ಹೊಸ ದದ್ದು, ಬಾಯಿ ಹುಣ್ಣು ಕಂಡರೆ ಅಂದೇ ತೋರಿಸಬೇಕು. ಐದಾರು ದಿನ ಬಿಟ್ಟುಹೋದರೆ ಹಳೆಯ ಪ್ರಮಾಣಕ್ಕೆ ಮರಳುವಂತಿಲ್ಲ, ಮತ್ತೆ 25ರಿಂದಲೇ. ಜುಲೈಯಲ್ಲಿ ಒಂಬತ್ತು ದಿನ ಮಾತ್ರೆ ತಪ್ಪುವ ಊರಿಗೆ ಇದು ಸಣ್ಣ ವಿಷಯವಲ್ಲ.

ಮಂಕಿನ ಹಂತಕ್ಕೇ ಹೇಳಿದ್ದು ಕ್ವೆಟಿಯಪಿನ್, ರಾತ್ರಿ 300 ಮಿ.ಗ್ರಾಂವರೆಗೆ, ನಿದ್ದೆ ಬರುತ್ತದೆ, ತೂಕ ಏರುತ್ತದೆ. ಲುರಾಸಿಡೋನ್ ತೂಕದ ವಿಷಯದಲ್ಲಿ ವಾಸಿ, ಆದರೆ ಹೊಟ್ಟೆತುಂಬ ಊಟದ ಜೊತೆಗೇ ನುಂಗಬೇಕು, ಕನಿಷ್ಠ 350 ಕ್ಯಾಲರಿ. ಖಾಲಿ ಹೊಟ್ಟೆಗೆ ಹಾಕಿದರೆ ಅರ್ಧವೂ ಮೈಗೆ ಹತ್ತುವುದಿಲ್ಲ. ಕಾರ್ಬಮಜಪಿನ್ ಎಂಬ ಇನ್ನೊಂದು ಔಷಧಿಯ ಬಳಕೆ ಈಗ ಹಿಂದೆ ಸರಿದಿದೆ.

ವಿದ್ಯುತ್ ಚಿಕಿತ್ಸೆ (ಇಸಿಟಿ) ಎಂದರೆ ಸಿನಿಮಾದಲ್ಲಿ ಕಂಡದ್ದು ನೆನಪಾಗುತ್ತದೆ. ಊಟ ನೀರು ಬಿಟ್ಟು ಮಲಗಿದ ಖಿನ್ನತೆ, ಸಾಯುವ ಯೋಚನೆ ಬಿಡದಿರುವುದು, ಔಷಧಿಗೆ ಬಗ್ಗದ ಮೇನಿಯಾ, ಇವಕ್ಕೆ ಇಸಿಟಿಯಷ್ಟು ಬೇಗ ಕೆಲಸ ಮಾಡುವುದು ಇನ್ನೊಂದಿಲ್ಲ. ಸಾಮಾನ್ಯವಾಗಿ 6 ರಿಂದ 12 ಬಾರಿ, ವಾರಕ್ಕೆ ಎರಡು ಮೂರು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಆಸುಪಾಸಿನ ದಿನಗಳ ನೆನಪು ಮಸುಕಾಗುವುದುಂಟು, ಹೆಚ್ಚಿನವರಲ್ಲಿ ಕ್ರಮೇಣ ಸರಿಹೋಗುತ್ತದೆ. ನಿಮ್ಮವರಿಗೆ ಈಗ ಇದರ ಅಗತ್ಯವಿಲ್ಲ.

ಇಷ್ಟೆಲ್ಲ ಮಾತ್ರೆಗಳ ಮಾತಾಡಿದರೂ ಮನೆಯಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಔಷಧಿ ನಿದ್ದೆ. ನಿದ್ದೆಗೆಟ್ಟರೆ ಮೇನಿಯಾ ಬರುತ್ತದೆ, ಮೇನಿಯಾ ಬರುವಾಗಲೂ ಮೊದಲು ಕಾಣುವುದು ನಿದ್ದೆ ಕಡಿಮೆಯಾಗುವುದೇ. ಮೂರು ನಾಲ್ಕು ಗಂಟೆ ಮಲಗಿಯೂ ದಣಿವಿಲ್ಲದೆ ಉತ್ಸಾಹದಿಂದ ಓಡಾಡುತ್ತಿದ್ದರೆ ಅದು ಲಕ್ಷಣ. ಸತತ ಎರಡು ರಾತ್ರಿ ಹೀಗಾದರೆ ಮೂರನೆಯ ದಿನಕ್ಕೆ ಕಾಯದೆ ವೈದ್ಯರಿಗೆ ಫೋನ್ ಮಾಡಬೇಕೆಂದು ಇಬ್ಬರೂ ಈಗಲೇ, ಅವರು ಸರಿಯಿರುವಾಗಲೇ, ಮಾತಾಡಿಕೊಳ್ಳಿ. ಜನವರಿಯಲ್ಲಿ ಮೊದಲು ಬದಲಾದದ್ದೇನು ಎಂದು ಒಂದು ಹಾಳೆಯಲ್ಲಿ ಬರೆಯಿರಿ: ಫೋನ್ ಕರೆ ಹೆಚ್ಚಾಯಿತೇ, ಹಣ ಖರ್ಚೇ, ಬೆಳಗಿನ ಮೂರಕ್ಕೆ ಕಣಕ್ಕೆ ಹೋದರೇ? ಅವರ ಕೈಯಲ್ಲೇ ಬರೆಸಿದರೆ ಉತ್ತಮ. ಮಾನಸಿಕ ಚಿಕಿತ್ಸಕರು ಮಾಡಿಸುವ ಮನೆಯವರ ಜೊತೆಗಿನ ಚಿಕಿತ್ಸೆ, ದಿನಚರಿ ಕಟ್ಟುವ ಚಿಕಿತ್ಸೆ ಇವುಗಳ ತಿರುಳೂ ಬಹಳಷ್ಟು ಇದೇ.

ಈ ಕೊಯ್ಲಿಗೆ ರಾತ್ರಿ ಕಾವಲು, ಕಣದ ಕೆಲಸ ಬೇರೆಯವರಿಗೆ ವಹಿಸಿ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ), ಮದುವೆ ಎಂದು ರಾತ್ರಿ ಜಾಗರಣೆಯಾಗುವ ಕಡೆ ಹೋಗಲಿ, ಹನ್ನೊಂದಕ್ಕೆ ಮನೆಗೆ ಬರಲಿ. ಕದಿರು ತೆಗೆದು ಬಂದರೆ ಸಾಕು. ಮದ್ಯದ ಬಗ್ಗೆ ನೇರ ಹೇಳುವುದಾದರೆ ಬೇಡ. ಅದು ನಿದ್ದೆಯ ಗುಣ ಕೆಡಿಸುತ್ತದೆ, ಮೈಯ ನೀರು ತೆಗೆಯುತ್ತದೆ, ಓಲಾಂಜಪಿನ್ ಜೊತೆ ಸೇರಿ ಮಂಪರು ಹೆಚ್ಚಿಸುತ್ತದೆ. ಕೊಡಗಿನ ಕೂಟಗಳಲ್ಲಿ ಬೇಡವೆನ್ನುವುದು ಸುಲಭವಲ್ಲ. "ಕಿಡ್ನಿಗೆ ಔಷಧಿ ನಡೀತಿದೆ" ಎಂದರೆ ಯಾರೂ ಒತ್ತಾಯಿಸುವುದಿಲ್ಲ. ಹರಕೆ ಹೊತ್ತಿದ್ದರೆ ತೀರಿಸಿ, ಮಾತ್ರೆ ಜೊತೆಗಿರಲಿ. ಹಣದ ವಿಷಯದಲ್ಲಿ, ದೊಡ್ಡ ಮೊತ್ತದ ಮುಂಗಡ, ಸಾಲಕ್ಕೆ ಇಬ್ಬರ ಸಹಿ ಬೇಕೆಂಬ ಒಪ್ಪಂದ ಮಾಡಿಕೊಂಡರೆ ಮುಂದಿನ ಸಲ ತೋಟ ಉಳಿಯುತ್ತದೆ.

ಮಳೆಗಾಲಕ್ಕೆ ಮೇ ಕೊನೆಯಲ್ಲೇ ಎರಡು ತಿಂಗಳ ಮಾತ್ರೆ ಬರೆಸಿ ತಂದಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ನಿಮಗೆ ಹೇಳಬೇಕಾಗಿಲ್ಲ. ದಾಸ್ತಾನು ಬೀಗದಲ್ಲಿ, ಬೀಗದ ಕೈ ನಿಮ್ಮಲ್ಲಿ. ವಾರದ್ದನ್ನು ಮಾತ್ರ ಹೊರಗಿಡಿ. ಲಿಥಿಯಂ ಒಮ್ಮೆಗೇ ಹೆಚ್ಚು ನುಂಗಿದರೆ ಪ್ರಾಣಾಪಾಯ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ನಿಮಗೆ ಹತ್ತಿರ, ಅಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ, ದಿನ ವಿಚಾರಿಸಿ ಹೋಗಿ. ರಸ್ತೆ ಕೆಟ್ಟ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು: ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ನೀವು ಕೇಳದ ಒಂದು ವಿಷಯ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ವಿನಾಯಿತಿ ಇರುವುದರಿಂದ ಇಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ. ನಿಮ್ಮ ಮನೆಯಲ್ಲಿದ್ದರೆ, ಮಂಕು ಅಥವಾ ಮೇನಿಯಾ ಬಂದಾಗಲ್ಲ, ಈಗಲೇ, ಒಕ್ಕದ (ಮನೆತನದ) ಹಿರಿಯರ ಹತ್ತಿರ ಮಾತಾಡಿ ಅದನ್ನು ಕಾನೂನಿನ ಪ್ರಕಾರ ಇಟ್ಟುಕೊಳ್ಳಬಲ್ಲವರ ಮನೆಗೆ ಸಾಗಿಸಿ. ಆಗದಿದ್ದರೆ ಬೀಗ ಹಾಕಿ, ತೋಟಾ (ಗುಂಡು) ಬೇರೆ ಕಡೆ ಇಡಿ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಪೂಜೆಗೆ ತಂದು, ಅಂದೇ ಹಿಂದಿರುಗಿಸಬಹುದು. ತೋಟಕ್ಕೆ ಹೊಡೆಯುವ ಕೀಟನಾಶಕಕ್ಕೂ ಅದೇ ಬೀಗ. ಸಾಯುವ ಮಾತಾಡಿದರೆ ಬೈಯಬೇಡಿ, ಒಂಟಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎಷ್ಟು ವರ್ಷ ಎಂಬುದಕ್ಕೆ: ಆಸ್ಪತ್ರೆ ಸೇರಿಸಬೇಕಾದಂಥ ಒಂದು ಮೇನಿಯಾ, ಅದಕ್ಕೆ ಮುಂಚೆ ಒಂದು ಖಿನ್ನತೆ ಆಗಿರುವವರಿಗೆ ದೀರ್ಘಕಾಲದ ಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಹಲವರಿಗೆ ಅದು ಜೀವನಪರ್ಯಂತ. "ಜೀವನಪರ್ಯಂತ" ಎಂದು ಅವರಿಗೆ ಈಗ ಹೇಳಿದರೆ ನಾಳೆಯೇ ಬಿಟ್ಟಾರು. ಎರಡು ಕೊಯ್ಲು ನಿದ್ದೆಗೆಡದೆ ದಾಟಲಿ, ಆಮೇಲೆ ವೈದ್ಯರ ಎದುರು ಕೂತು ಮತ್ತೆ ಮಾತಾಡೋಣ ಎನ್ನಿ. ಸದ್ಯಕ್ಕೆ ರಕ್ತ ಪರೀಕ್ಷೆಗೆ ಹೊರಡುವ ಹಿಂದಿನ ರಾತ್ರಿ ಎಷ್ಟು ಗಂಟೆಗೆ ಮಾತ್ರೆ ನುಂಗಿದರು ಎಂದು ಚೀಟಿಯ ಹಿಂದೆ ಬರೆದುಕೊಂಡು ಹೋಗಿ.